ಅಧ್ಯಕ್ಷರ ಹೆಸರು

ದಾಕ್ಷಾಯಣಿ ತನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂಬುದರಲ್ಲಿ ಗಂಗಾಧರಪ್ಪನಿಗೆ ಅನುಮಾನವೇ ಉಳಿದಿರಲಿಲ್ಲ. ಮೊದಮೊದಲು "ಗಂಗಾಧರಪ್ಪನವರೇ" ಎಂದು ರಾಗವಾಗಿ ಕರೆದು ಕಾಡುತ್ತಿದ್ದವಳು ಈಚೆಗೆ "ರೀ, ಇಲ್ಲಿ ಕೇಳಿ" ಎನ್ನುವುದಕ್ಕೆ ಇಳಿದಿದ್ದಳು. ಪಾಪ, ಓದಿದ ಹುಡುಗ. ಅಷ್ಟಕ್ಕೇ ಊಟ ಸೇರುತ್ತಿರಲಿಲ್ಲ.

ಅರವತ್ತೆರಡರ ಚುನಾವಣೆ ಮುಗಿದ ಬೇಸಿಗೆ ಅದು. ಗಂಡಸರಿಗೆ ರಾಜಕೀಯ ಎಷ್ಟು ಗೊತ್ತು, ಹೆಂಗಸರಿಗೆ ಎಷ್ಟು ಗೊತ್ತು ಎಂದು ಅಳೆದು ತರಲು ಮೈಸೂರಿನ ಪ್ರೊಫೆಸರೊಬ್ಬರು ಅವನನ್ನು ಕಳಿಸಿದ್ದರು. ಶಿವಮೊಗ್ಗದಲ್ಲಿ ರೂಮು, ದಿನವೂ ಬಸ್ಸು ಹತ್ತಿ ಭದ್ರಾವತಿಯ ಕಾಗದನಗರಕ್ಕೆ. ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರು ಗುರುತಿಲ್ಲದ ಗಂಡಸಿಗೆ ಬಾಗಿಲು ತೆಗೆಯುತ್ತಾರೆಯೇ? ಅದಕ್ಕೇ ಅಲ್ಲಿನ ಶಾಲೆಯ ಟೀಚರ್ ದಾಕ್ಷಾಯಣಿ ಜೊತೆಗಿದ್ದಳು.

ಗಂಡಸರು ಗೊತ್ತಿಲ್ಲದಿದ್ದರೂ ಮೀಸೆ ಸವರಿ ಯಾವುದೋ ಒಂದು ಹೆಸರು ಒಗೆಯುತ್ತಿದ್ದರು. ಹೆಂಗಸರು ಒಳಗೆ ಕುಳಿತ ಗಂಡನ ಕಡೆ ನೋಡಿ "ನಮಗೇನು ಗೊತ್ತು?" ಎನ್ನುತ್ತಿದ್ದರು.

"ಗೊತ್ತಿಲ್ಲ ಅಂದೋರೆಲ್ಲ ಗೊತ್ತಿಲ್ದೋರಲ್ಲ" ಎಂದು ದಾಕ್ಷಾಯಣಿ ಜಗಳ ತೆಗೆದಿದ್ದಳು.

"ಬಾಯಲ್ಲಿ ಹೇಳಿದ್ದನ್ನಷ್ಟೇ ಬರೀಬೇಕು ಅಂತ ಪ್ರೊಫೆಸರ್ ರೂಲು."

"ನಿಮ್ಮ ಪ್ರೊಫೆಸರಿಗೆ ಮದುವೆ ಆಗಿದ್ಯಾ?" ಎಂದು ಕೇಳಿ, ಅವನ ಮುಖ ನೋಡಿ ನಕ್ಕಿದ್ದಳು. ಅವನು ಮನಸೋತದ್ದು ಆ ನಗುವಿಗೇ.

ಈಗ ಸರ್ವೆ ಕೊನೆಯ ದಿನಕ್ಕೆ ಬಂದಿತ್ತು. ಆಯನೂರಿನ ಅಕ್ಕಿ ಗಿರಣಿಯವರ ಮನೆಯಿಂದ ಅವಳಿಗೆ ಸಂಬಂಧ ಬಂದಿದೆ, ಸೋಮವಾರ ಅವಳ ತಂದೆ ಮಾತು ಕೊಡುತ್ತಾರೆ ಎಂಬ ಸುದ್ದಿಯೂ ಬಂದಿತ್ತು. ಸಾಲದ್ದಕ್ಕೆ ಅಂದು ಪ್ರಶ್ನೆ ಕೇಳಬೇಕಾದವರ ಪಟ್ಟಿಯಲ್ಲಿ ದಾಕ್ಷಾಯಣಿಯ ಹೆಸರೇ ಬಂದುಬಿಟ್ಟಿತು.

ಅವಳ ಮನೆಯ ಜಗುಲಿಯಲ್ಲಿ ಎದುರುಬದುರು ಕುಳಿತರು. ಒಳಗೆ ಅವಳ ತಾಯಿ ಕಾಫಿ ಕಾಯಿಸುತ್ತಿದ್ದರು.

"ಕೇಳಿ, ಫೇಲ್ ಮಾಡ್ಬೇಡಿ ಮತ್ತೆ" ಎಂದಳು. ಪ್ರಧಾನಿ, ರಾಷ್ಟ್ರಪತಿ, ಯಾವ ಪಕ್ಷಕ್ಕೆ ಯಾವ ಗುರುತು, ಎಲ್ಲಕ್ಕೂ ಪಟಪಟನೆ ಉತ್ತರ.

"ಪುರಸಭೆ ಅಧ್ಯಕ್ಷರ ಹೆಸರು?"

ಕಣ್ಣೆತ್ತಿ ಒಮ್ಮೆ ಅವನನ್ನು ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಿವಿ ಕೆಂಪಾಗಿತ್ತು.

"ಮುಂದಿಂದು ಕೇಳಿ."

"ಇದು ನಿಮಗೆ ಗೊತ್ತು."

"ಗೊತ್ತು. ಹೇಳಲ್ಲ."

"ಹಾಗಾದ್ರೆ ಗೊತ್ತಿಲ್ಲ ಅಂತ ಬರೀಬೇಕಾಗುತ್ತೆ."

"ಬರ್ಕೊಳ್ಳಿ ಮಾರಾಯ್ರೆ! ಬರೆಯೋದೊಂದೇ ತಾನೆ ನಿಮಗೆ ಬರೋದು?" ಎಂದವಳೇ ಎದ್ದು ಒಳಗೆ ಹೋದಳು.

ಅಧ್ಯಕ್ಷರ ಹೆಸರೂ ಗಂಗಾಧರಪ್ಪ ಎಂದೇ. ಆಯನೂರಿನ ಸೊಸೆಯಾಗುವವಳಿಗೆ ತನ್ನ ಹೆಸರು ನಾಲಿಗೆಗೂ ಬೇಡವಾಯಿತೇ ಎಂದುಕೊಂಡ. ಕಾಫಿಯನ್ನೂ ಕುಡಿಯದೆ ಪಕ್ಕದ ಮನೆಗೆ ಹೋದ.

ಅದು ಶಂಕರಮ್ಮನವರ ಮನೆ. ಅವರೂ ಎಲ್ಲಕ್ಕೂ ಉತ್ತರ ಹೇಳಿ, ಅದೇ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡರು. ಅವನು ನಿಟ್ಟುಸಿರು ಬಿಟ್ಟು ಪೆನ್ನು ಊರಿದ.

"ಏ ತಡೀರಿ! ಗೊತ್ತಿಲ್ಲ ಅಂತ ಬರೀತಿದೀರಾ? ಜಡೇಲಿ ಗಂಗೆ ಇಟ್ಕೊಂಡಿರೋ ದೇವ್ರು ಯಾರು ಹೇಳಿ? ಅದೇ ಹೆಸರು. ನಮ್ಮನೆಯವ್ರದೂ ಅದೇ. ನಾನು ಹೇಗೆ ಬಾಯಿಬಿಟ್ಟು ಹೇಳ್ಲಿ?"

ಗಂಗಾಧರಪ್ಪನ ಪೆನ್ನು ನಿಂತಿತು. ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲವೆಂದು ಅವನಿಗೆ ಗೊತ್ತಿಲ್ಲವೇ? ಅವನ ತಾಯಿಯ ಬಾಯಲ್ಲೂ ಅಪ್ಪನ ಹೆಸರು ಬಂದದ್ದನ್ನು ಅವನು ಕೇಳಿರಲಿಲ್ಲ. ಹಾಗಿದ್ದೂ ಮನೆಮನೆಗೆ ಹೋಗಿ ಹೆಸರನ್ನೇ ಕೇಳಿದ್ದ, ಮೌನವನ್ನೆಲ್ಲ ದಡ್ಡತನವೆಂದು ಬರೆದುಕೊಂಡಿದ್ದ. ಎಷ್ಟು ಹೆಂಗಸರು ಎಷ್ಟೆಲ್ಲ ತಿಳಿದುಕೊಂಡು ತನ್ನೆದುರು ಸುಮ್ಮನೆ ಕುಳಿತಿದ್ದರೋ!

ಆಮೇಲೆ ದಾಕ್ಷಾಯಣಿಯ ಕೆಂಪು ಕಿವಿ ಕಣ್ಣಮುಂದೆ ಬಂತು. ಅವಳಿಗೆ ಇನ್ನೂ ಮದುವೆಯೇ ಆಗಿಲ್ಲ.

ಶಂಕರಮ್ಮನವರಿಗೆ ಹೇಳಲೂ ಮರೆತು ಓಡಿದ. ಅವಳು ಗೇಟಿನ ಬಳಿ ನಿಂತಿದ್ದಳು. ಅಷ್ಟು ದೊಡ್ಡ ಮಾತನ್ನು ಅಷ್ಟು ಸುಮ್ಮನೆ ಹೇಳಿಬಿಟ್ಟವಳ ಎದುರು ಬಂದು ನಿಂತ. ದೇವರ ಮುಂದೆ ನಿಂತಾಗಲೂ ಅವನು ಹೀಗೆ ಬೆರಗಾಗಿರಲಿಲ್ಲ.

"ಯಾವಾಗಿಂದ?" ಎಂದ.

"ಹೆಸರು ಹಿಡಿದು ಕರೆಯೋಕೆ ಹೋದೆ, ಬಾಯಿ ಬರ್ಲಿಲ್ಲ. ಅವತ್ತಿಂದ" ಎಂದಳು ನೆಲ ನೋಡುತ್ತ. "ನಿಮಗೆ ತಿಳಿಯೋಕೆ ಇಷ್ಟು ದಿನ ಬೇಕಾಯ್ತಲ್ಲ!"

"ಆಯನೂರಿನವರು?"

"ಅಪ್ಪ ಸೋಮವಾರ ಮಾತು ಕೊಡ್ತಾರೆ. ಇವತ್ತಿನ್ನೂ ಶನಿವಾರ."

ಕಾರ್ಖಾನೆಯ ಸೈರನ್ ಕೂಗಿತು. ಕೆಲಸ ಬಿಟ್ಟ ಸೈಕಲ್ಲುಗಳ ಸಾಲಿನಲ್ಲಿ ಅವಳ ತಂದೆ ಪರಮೇಶ್ವರಪ್ಪನವರು ಬರುತ್ತಿದ್ದರು. ಗಂಗಾಧರಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡ.

"ಈಗಲೇ ಕೇಳ್ತೀನಿ" ಎಂದ.

ದಾಕ್ಷಾಯಣಿ ಈ ಸಲ ಕಣ್ಣು ತಗ್ಗಿಸಲಿಲ್ಲ.

"ಅಪ್ಪನಿಗೆ ನೀವು ಬರೀ ಸರ್ವೆಯವ್ರು. ಹುಡುಗನ ಹೆಸರೇನು ಅಂತ ನನ್ನನ್ನೇ ಕೇಳ್ತಾರೆ. ನೀವು ಪಕ್ಕದಲ್ಲೇ ನಿಂತು ಹೇಳ್ಬಿಡಿ."