ಐವತ್ತನಾಲ್ಕರ ಲೆಕ್ಕ

ಗಂಡನ ಅಂತ್ಯಕ್ರಿಯೆಯ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಅವಳು ಎರಡನ್ನೂ ಕಾಯಿಸಿಟ್ಟು, ಬಾಗಿಲಿಗೆ ಬೀಗ ಹಾಕಿ, ಹತ್ತೂವರೆಗೆ ಠಾಣೆಗೆ ಬಂದಳು.

“ಯಾರ ಮೇಲೆ ದೂರು?” ಇನ್ಸ್‌ಪೆಕ್ಟರ್ ಕೇಳಿದರು.

“ಆಸ್ಪತ್ರೆ ಡಾಕ್ಟ್ರ ಮೇಲೆ. ನಮ್ಮೆಜಮಾನ್ರು ವೈರಿಂಗ್ ಕೆಲಸದವರು. ಸಕ್ಕರೆ ಕಾಯಿಲೆ ಇತ್ತು. ಊಟ ಬಿಟ್ಟು ಕೆಲಸ ಮಾಡಿ ಬಿದ್ದುಬಿಟ್ರು. ಜೊತೆಯವರು ಆಸ್ಪತ್ರೆಗೆ ಹಾಕಿದ್ರು, ನಾನು ಅಲ್ಲಿಗೇ ಓಡಿದೆ. ಬೆವತು ನಡುಗ್ತಿದ್ರು. ಬಾಯಿಗೆ ಸಕ್ಕರೆ ಹಾಕೋಕೆ ಹೋದ್ರೆ ಡಾಕ್ಟ್ರು ನನ್ನ ಕೈ ಹಿಡ್ಕೊಂಡ್ರು. ಎರಡು ಸಲ ಇಂಜೆಕ್ಷನ್ ಕೊಟ್ರು. ಸಂಜೆಗೆ ನಮ್ಮವರು ಹೋಗ್ಬಿಟ್ರು.”

“ನಿನ್ನೆಯೇ ಹೇಳಿದ್ರೆ ಪೋಸ್ಟ್‌ಮಾರ್ಟಮ್ ಮಾಡಿಸಬಹುದಿತ್ತಲ್ಲಮ್ಮ.”

“ನಿನ್ನೆ ನನ್ನ ಮಾತು ಯಾರಿಗೆ ಬೇಕಿತ್ತು ಸರ್?”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ದೇಹ ಸುಟ್ಟಾಗಿತ್ತು. ಅರ್ಧ ಸಾಕ್ಷ್ಯ ಅದರೊಂದಿಗೇ ಹೋಗಿತ್ತು.

“ನಾನು ಆ ಕೈ ಕೊಡವಿ ಸಕ್ಕರೆ ಹಾಕಿದ್ರೆ ಬದುಕ್ತಿದ್ರಾ?” ಎಂದಳು. “ಅದೊಂದು ಹೇಳಿ, ಸಾಕು.”

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಆಸ್ಪತ್ರೆಗೆ ಹೋದರು. ದಪ್ಪಗಿದ್ದು ಮೆಲ್ಲಗೆ ನಡೆಯುವ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಎಲ್ಲರೂ ಬುಲೆಟ್ ಎನ್ನುತ್ತಿದ್ದರು. ಹೊರಗಿನ ಬೆಂಚುಗಳಲ್ಲಿ ಜಾಗವಿರಲಿಲ್ಲ. ಜನ ನೆಲದ ಮೇಲೂ ಕೂತಿದ್ದರು.

“ಪಾಳಿಯಲ್ಲಿ ಬಾರಪ್ಪ,” ಎಂದಿತು ಒಂದು ಅಜ್ಜಿ. “ಬೆಳಿಗ್ಗೆಯಿಂದ ಕೂತಿದೀವಿ. ಯೂನಿಫಾರ್ಮಿಗೇನು ಬೇರೆ ಜ್ವರ ಬರುತ್ತಾ?”

“ನಂಗೆ ಜ್ವರ ಇಲ್ಲ ಅಜ್ಜಿ.”

“ಹಂಗಾದ್ರೆ ಮನೆಗೆ ಹೋಗು. ಇರೋದೇ ಒಬ್ರು ಡಾಕ್ಟ್ರು.”

ನರ್ಸಮ್ಮ ಔಷಧದ ಕೋಣೆಯಲ್ಲಿ ಹೇಳಿಕೆ ಕೊಟ್ಟರು. “ಸಕ್ಕರೆ ಮೀಟರಿನಲ್ಲಿ ಐವತ್ತನಾಲ್ಕು ಬಂತು ಸರ್. ಕಡಿಮೆ ಆಗಿದೆ ಅಂದೆ. ಡಾಕ್ಟ್ರು ಗಾಬರಿಯಾಗಿ, ಐವತ್ತನಾಲ್ಕು ಅಂದ್ರೆ ಮನುಷ್ಯ ಬದುಕಿರೋದೇ ಹೆಚ್ಚು, ಇನ್ಸುಲಿನ್ ತನ್ನಿ ಅಂತ ಕೂಗಾಡಿದ್ರು.”

“ನೀವು ಯಾಕೆ ತಡೀಲಿಲ್ಲ?”

“ತಡೆದೆ. ಇನ್ಸುಲಿನ್ ಕೊಟ್ರೆ ಸಕ್ಕರೆ ಇನ್ನೂ ಇಳಿಯುತ್ತೆ ಅಂದೆ. ಡಾಕ್ಟ್ರು ನೀವೋ ನಾನೋ ಅಂದ್ರು.”

“ಅವರು ಬಂದು ಎಷ್ಟು ದಿನ?”

“ಒಂದು ವಾರವೂ ಆಗಿಲ್ಲ.”

ಆದರೆ ಹೊರಗಿನ ಫಲಕದಲ್ಲಿದ್ದ ಡಾಕ್ಟರ ಹೆಸರಿಗೆ ವರ್ಷಗಳ ಬಿಸಿಲು ತಗುಲಿ ಬಣ್ಣ ಹೋಗಿತ್ತು. ಮೀಟರ್ ಮತ್ತು ಖಾಲಿ ಇನ್ಸುಲಿನ್ ಸೀಸೆಯನ್ನು ಇಬ್ಬರು ಪಂಚರೆದುರು ವಶಕ್ಕೆ ಪಡೆದು ಪಂಚನಾಮೆ ಬರೆಸಿದರು. ಮೀಟರಿನ ನೆನಪಿನಲ್ಲಿ ಐವತ್ತನಾಲ್ಕು ಹಾಗೇ ಇತ್ತು.

ಡಾಕ್ಟರು ಮೂವತ್ತು ದಾಟದ ಹುಡುಗ. ಕೋಟಿಗೆ ಇಸ್ತ್ರಿ ಗರಿಗರಿಯಾಗಿತ್ತು.

“ಫಲಕದಲ್ಲಿರೋದು ನಿಮ್ಮ ಹೆಸರೇನಾ?”

“ಹೌದು.”

“ಓದಿದ್ದು?”

“ಇಲ್ಲೇ. ಸರ್ಕಾರಿ ಕಾಲೇಜು.”

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತರು. “ನಂಗೂ ಸಕ್ಕರೆ ಇದೆ ಡಾಕ್ಟ್ರೇ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಎಷ್ಟಿರಬೇಕು?”

“ಐದು. ಐದೂವರೆವರೆಗೂ ಪರವಾಗಿಲ್ಲ.”

ಬುಲೆಟ್ ಬಾಗಿಲಿನಿಂದಲೇ ನಕ್ಕ. “ಐದಿದ್ರೆ ಹೆಣ ಸರ್. ನಮ್ಮ ಸಾಹೇಬ್ರಿಗೆ ನೂರು ದಾಟಬಾರದು ಅಂದಿದಾರೆ.”

ಹುಡುಗ ಸ್ಟೆತಾಸ್ಕೋಪನ್ನು ಕತ್ತಿನಿಂದ ತೆಗೆಯುವುದೋ ಬೇಡವೋ ಎಂದು ಹಿಡಿದುಕೊಂಡೇ ಇದ್ದ. ಆಮೇಲೆ ಎಲ್ಲ ಹೇಳಿದ. ಇಲ್ಲಿ ಸೀಟು ಸಿಗದೆ ಹೊರದೇಶದಲ್ಲಿ ಆರು ವರ್ಷ ಓದಿದ್ದ. ಅಲ್ಲಿ ಸಕ್ಕರೆಯನ್ನು ಅಳೆಯುವ ಮಾನವೇ ಬೇರೆ. ಅಲ್ಲಿಯ ಒಂದು ಇಲ್ಲಿಯ ಹದಿನೆಂಟು; ಅಲ್ಲಿಯ ಐವತ್ತನಾಲ್ಕೆಂದರೆ ಇಲ್ಲಿ ಸಾವಿರದ ಹತ್ತಿರ.

“ಗೊತ್ತಿರಲಿಲ್ವಾ?”

“ಗೊತ್ತಿತ್ತು ಸರ್. ಹೊರಗೆ ಓದಿದವರು ಇಲ್ಲಿ ಡಾಕ್ಟ್ರಾಗೋಕೆ ಬರೆಯೋ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಎದುರಿಗೆ ಮನುಷ್ಯ ನಡುಗುವಾಗ ಅಲ್ಲಿಯ ಲೆಕ್ಕವೇ ಬಂತು.”

“ಪರೀಕ್ಷೆ ಪಾಸಾಗಿದೀಯಾ?”

“ಇಲ್ಲ. ಮೂರು ಸಲ ಕೂತೆ.”

“ಆ ಹೆಂಗಸು ಸಕ್ಕರೆ ಹಾಕಿದ್ದಿದ್ರೆ?”

“ಎದ್ದು ಕೂರ್ತಿದ್ರು.”

ಫಲಕದ ಡಾಕ್ಟರು ಹೊರದೇಶದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವರ ಹೆಸರನ್ನು ಇಟ್ಟುಕೊಂಡೇ ಆಸ್ಪತ್ರೆ ನಡೆಸುತ್ತಿದ್ದ ವ್ಯವಸ್ಥಾಪಕ ಸಿಡುಕಿದ. “ಜಾಹೀರಾತು ಕೊಟ್ಟು ಕೊಟ್ಟು ಸಾಕಾಯ್ತು ಸಾರ್. ಪಾಸಾದವನೊಬ್ಬನೂ ಇಲ್ಲಿಗೆ ಬರಲ್ಲ. ಬಾಗಿಲು ಮುಚ್ಚಲಾ? ನೀವೇ ಹೇಳಿ.”

ಇನ್ಸ್‌ಪೆಕ್ಟರ್ ಇಬ್ಬರನ್ನೂ ಬಂಧಿಸಿದರು. ಜೀಪಿನ ಹಿಂದೆ ಅಜ್ಜಿ ಕೂಗುತ್ತಿತ್ತು: “ಅವರನ್ನ ಎಲ್ಲಿಗೆ ಎತ್ಕೊಂಡು ಹೋಗ್ತೀಯ? ನನ್ನ ಪಾಳಿ ಬಂದಿತ್ತು ಕಣಯ್ಯಾ!”

ಠಾಣೆಯಲ್ಲಿ ಯಾರೂ ಕೇಳದೆಯೇ ಹುಡುಗ ಇನ್ನೊಂದು ಮಾತು ಹೇಳಿದ. ಎರಡು ವರ್ಷ ಮನೆಯಲ್ಲಿ ಕೂತಿದ್ದಾಗ ಅಕ್ಕಪಕ್ಕದವರು ಕೆಮ್ಮು ನೆಗಡಿ ಎಂದು ಬಂದರೆ ತಾಯಿ, “ಅವನು ಓದ್ತಿದಾನೆ, ಆಮೇಲೆ ಬನ್ನಿ,” ಎಂದು ಕಳಿಸುತ್ತಿದ್ದಳಂತೆ. ಒಂದು ಸಲವಾದರೂ ಯಾರನ್ನಾದರೂ ನೋಡಬೇಕೆನಿಸಿತ್ತಂತೆ. ಬುಲೆಟ್ ಅದನ್ನು ಬರೆದುಕೊಳ್ಳಲಿಲ್ಲ.

ಇನ್ಸ್‌ಪೆಕ್ಟರ್ ಸಂಜೆ ತಾವೇ ದೂರು ಕೊಟ್ಟವಳ ಮನೆಗೆ ಹೋದರು. ಸುತ್ತಿಬಳಸಿ ಹೇಳಲು ನೋಡಿದರು, ಆಗಲಿಲ್ಲ.

“ಬದುಕ್ತಿದ್ರು ಕಣಮ್ಮ.”

“ಸರಿ,” ಎಂದಳು.

ಅವರು ಹೋದ ಮೇಲೆ ಗಂಡನ ಕೆಲಸದ ಚೀಲ ತೆರೆದಳು. ಅದರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರಿಂದ ಅವನು ಕೇಳಿ ತಂದಿದ್ದ ಡ್ರಿಲ್ಲಿಂಗ್ ಮಶೀನ್ ಇತ್ತು. ಸುಣ್ಣದ ಪುಡಿ ಒರೆಸಿ, ವಯರು ಸುತ್ತಿ, ತೆಗೆದುಕೊಂಡು ಹೋದಳು.

ಮೇಷ್ಟ್ರು ಕೈಚಾಚಲಿಲ್ಲ. “ಇದಕ್ಕೇನು ಅವಸರವಿತ್ತಮ್ಮ. ಆ ಡಾಕ್ಟ್ರ ಸುದ್ದಿ ಕೇಳಿದೆ. ನಿನ್ನ ಮುಖ ನೋಡೋಕೂ ನಾಚಿಕೆ. ನಮ್ಮ ಮಗಳೂ ಹೊರದೇಶದಲ್ಲೇ ಡಾಕ್ಟ್ರು ಓದ್ತಿದಾಳಲ್ಲ. ಮುಂದಿನ ವರ್ಷ ಮುಗಿಯುತ್ತೆ. ಅಲ್ಲೇ ಇರು ಅಂತ ಹೇಳಿಬಿಟ್ಟೆ.”

ಅವಳು ಮಶೀನನ್ನು ಜಗಲಿಯ ಮೇಲೆ ಇಟ್ಟಳು.

“ಬೇಡ ಮಾವ,” ಎಂದಳು. “ಪಾಸು ಮಾಡ್ಕೊಂಡು ಇಲ್ಲಿಗೇ ಬರ್ಲಿ. ಆಸ್ಪತ್ರೇಲಿ ಈಗ ಯಾರೂ ಇಲ್ಲ.”