ಬಲಕ್ಕೆ ಮಾತ್ರ ತಿರುಗುವ ಪರದೆ

ಅನುಸೂಯ ಪರದೆ ಒರೆಸುತ್ತಿದ್ದಳು.

ಹಳೆಯ ಪಂಚೆಯ ಮೆತ್ತನೆ ತುಂಡನ್ನು ಬೆರಳಿಗೆ ಸುತ್ತಿಕೊಂಡು, ಮೂಲೆಯಿಂದ ಮೂಲೆಗೆ, ಒತ್ತದೆ, ಉಜ್ಜದೆ. ಆ ಅಂಗಡಿಗೆ ಬರುವುದೆಲ್ಲ ಎಲ್ಲೋ ನಾಲ್ಕಾರು ವರ್ಷ ದುಡಿದ ಹಳೆಯ ಲ್ಯಾಪ್‌ಟಾಪುಗಳು. ಅವುಗಳ ಮೇಲಿನ ಯಾರ‍್ಯಾರದೋ ಬೆರಳ ಗುರುತುಗಳನ್ನು ಅಳಿಸುವುದು ಅವಳ ಬೆಳಗಿನ ಮೊದಲ ಕೆಲಸ. ಆ ಹೊತ್ತಿನಲ್ಲಿ ಅವಳು ಮಾತನಾಡುತ್ತಿರಲಿಲ್ಲ. ಬೇರೆ ಹೊತ್ತಿನಲ್ಲೂ ಹೆಚ್ಚೇನಿಲ್ಲ...

ಕಪ್ಪು ಪರದೆಯೊಳಗೆ ಒಂದು ಮುಖ ಕಾಣಿಸಿತು.

ಬೆನ್ನ ಹಿಂದೆ ಯಾರೋ ನಿಂತಿದ್ದರು. ತೆಳ್ಳನೆಯ ಮುಖ, ನಿದ್ದೆಗೆಟ್ಟ ಕಣ್ಣು. ಬಲಗೈಯನ್ನು ಎದೆಗೆ ಆನಿಸಿಕೊಂಡಿದ್ದ, ಬೇರೆಯವರ ಮಗುವನ್ನು ಎತ್ತಿಕೊಂಡವನ ಹಾಗೆ. ತಿರುಗಿ ನೋಡುವ ಧೈರ್ಯವಾಗದೆ ಅವಳು ಪರದೆಯಲ್ಲೇ ಅವನನ್ನು ನೋಡಿದಳು. ಅವನೂ ಅಲ್ಲೇ ಅವಳನ್ನು ನೋಡುತ್ತಿದ್ದ.

ಬಟ್ಟೆ ಹಿಡಿದ ಬೆರಳು ನಿಂತಿತು.

"ಪರದೆ ತಿರುಗಿಸಿ ಮಲಗಿಸೋ ಲ್ಯಾಪ್‌ಟಾಪು ಇರ್ತಾವಲ್ಲ... ಬರೀಬಹುದಂತೆ ಅದರ ಮೇಲೆ. ಅಂಥದ್ದು ಐತಾ?"

ಒಳಗಿನಿಂದ ಅಂಗಡಿಯ ಮುರುಗಪ್ಪ ಎದ್ದು ಬಂದ. "ಬರ‍್ರಿ ಸರ್, ಕುಂತ್ಕಳ್ರಿ. ಇಡೀ ಚಿತ್ರದುರ್ಗದಾಗೆ ಅದಿರೋದೇ ನಮ್ಮಲ್ಲಿ."

ಅದು ಎರಡು ಸಾವಿರದ ಒಂಬತ್ತನೇ ಇಸವಿಯ ಜೂನ್ ತಿಂಗಳು. ಬಂದವನು ಚೇತನ್‌ಕುಮಾರ್, ರಾಮಗಿರಿಯ ಕಡೆಯ ಒಂದು ಹೈಸ್ಕೂಲಿನ ಗಣಿತದ ಮೇಷ್ಟ್ರು. ಹಿಂದಿನ ವರ್ಷ ಹೊಳಲ್ಕೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಹೆಗಲಿನ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು. ಕೈ ಮಾತ್ರ ಎದೆಗಿಂತ ಮೇಲೆ ಏಳಲಿಲ್ಲ.

"ಬೋರ್ಡ್ ಮೇಲೆ ಬರೆಯಕಾಗಲ್ಲ," ಎಂದ ಅವನು. "ಮೇಜಿನ ಮೇಲೆ ಬರೆದ್ರೆ ಗೋಡೆ ಮೇಲೆ ಕಾಣ್ಬೇಕು. ಪ್ರೊಜೆಕ್ಟರ್ ಶಾಲೇಲಿ ಐತೆ. ದಸರಾ ರಜೆ ಮುಗಿದ ಮೇಲೆ ತಪಾಸಣೆಗೆ ಬರ್ತಾರೆ. ಪಾಠ ಮಾಡಬಲ್ಲೆ ಅಂತ ತೋರಿಸ್ದಿದ್ರೆ ನನ್ನ ಕಚೇರಿ ಕೆಲಸಕ್ಕೆ ಹಾಕ್ತಾರೆ. ಹದಿನೆಂಟು ಸಾವಿರದ ಮೇಲೆ ನನ್ನ ಕೈಲಿ ಆಗಲ್ಲ."

"ಕಚೇರಿ ಅಂದ್ರೆ ಫ್ಯಾನ್ ಕೆಳಗೆ ಕುಂತು ಸಹಿ ಮಾಡದು. ಒಳ್ಳೇದೇ ಅಲ್ಲೇನ್ರಿ ಸರ್?" ಮುರುಗಪ್ಪ ನಕ್ಕ.

ಅವನು ನಗಲಿಲ್ಲ.

"ಅಲ್ಲಿ ಮಕ್ಕಳಿರಲ್ಲ," ಎಂದ.

ಅನುಸೂಯಳ ಎದೆಯಲ್ಲಿ ಆ ಮಾತು ಹಾಗೇ ಕುಳಿತುಬಿಟ್ಟಿತು.

ಮುರುಗಪ್ಪ ತೆಳ್ಳನೆಯ, ಹೊಳೆಯುವ ಒಂದನ್ನು ತಂದಿಟ್ಟ. "ಕನ್ನಡಿ ಇದ್ದಂಗೈತೆ ನೋಡ್ರಿ. ಪೆನ್ನೇ ಬ್ಯಾಡ, ಬೆರಳಲ್ಲೇ ಬರೀರಿ." ಚೇತನ್ ಬೆರಳಿನಿಂದ ಒಂದು ವೃತ್ತ ಎಳೆದ. ಚೆನ್ನಾಗಿಯೇ ಬಂತು. ಅವನ ಮುಖ ಅರಳಿತು.

'ಬೇಡ... ಇದು ಬೇಡ...' ಅನುಸೂಯ ಮನಸ್ಸಿನಲ್ಲೇ ಅಂದುಕೊಂಡಳು. ಎದ್ದು ಬಂದು, ಅಂಗೈಯನ್ನು ಪರದೆಯ ಮೇಲೆ ಊರಿ, ನೋಟ್‌ಬುಕ್ಕಿನಲ್ಲಿ ಬರೆಯುವವಳ ಹಾಗೆ ಒಂದು ಸಾಲು ಎಳೆದಳು. ಅಂಗೈ ತಾಗಿದಲ್ಲೆಲ್ಲ ಗೀಟು ಮೂಡಿತು. ವೃತ್ತ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ.

"ಏನವ್ವಾ, ಅಂಗಡಿ ನಂದೋ ನಿಂದೋ?" ಎಂದ ಮುರುಗಪ್ಪ.

ಅವಳು ತಲೆ ತಗ್ಗಿಸಿಕೊಂಡೇ ಕೆಳಗಿನ ಗೂಡಿನಿಂದ ಬೂದು ಬಣ್ಣದ ಇನ್ನೊಂದನ್ನು ತಂದಳು. ಅಂಚಿನಲ್ಲಿ ಸಿಕ್ಕಿಸಿದ್ದ ಪೆನ್ನು ಎಳೆದು ಅವನ ಕೈಗೆ ಕೊಟ್ಟಳು.

"ಭಾರ ಐತೆ. ಬ್ಯಾಟ್ರಿ ಮುಕ್ಕಾಲು ಗಂಟೆ ಬರ್ತೈತೆ, ಅಷ್ಟೇ. ಪೆನ್ನು ಕಳೆದ್ರೆ ಬೇರೆ ಸಿಗಾದು ಕಷ್ಟ."

"ಒಳ್ಳೇದೂ ಒಂದು ಹೇಳ್ರಿ," ಎಂದ ಅವನು, ಮೊದಲ ಸಲ ನಗುತ್ತ.

"ಕೈ ಊರಬಹುದು."

ಅವನು ನೋಯುವ ಕೈಯನ್ನು ಪರದೆಯ ಮೇಲೆ ಊರಿದ. ಒಂದು ಗೀಟೂ ಮೂಡಲಿಲ್ಲ. ಪೆನ್ನು ಹೋದಲ್ಲಿ ಮಾತ್ರ ಗೆರೆ ಬಂತು. ಎಷ್ಟೋ ತಿಂಗಳ ಮೇಲೆ ಆ ಕೈ ನೆಮ್ಮದಿಯಾಗಿ ಎಲ್ಲೋ ಒಂದು ಕಡೆ ಕುಳಿತದ್ದನ್ನು ಅವಳು ಕಂಡಳು.

"ಬಲಕ್ಕೆ ಮಾತ್ರ ತಿರುಗಿಸ್ರಿ ಸರ್. ಎಡಕ್ಕೆ ತಿರುಗಿಸಿದ್ರೆ ಒಳಗಿನ ವೈರು ಹರೀತೈತೆ. ಒಂದೇ ಕುತ್ತಿಗೆ ಇದಕ್ಕೆ."

"ಬಲಕ್ಕೆ," ಎಂದು ಅವನು ಒಪ್ಪಿದ. "ನೀವೂ ಏನಾದ್ರೂ ಬರೀರಿ, ನೋಡಾಣ."

ಏನು ಬರೆಯಬೇಕೆಂದು ತೋಚದೆ ತನ್ನ ಹೆಸರು ಬರೆದಳು. ಅಕ್ಷರಗಳು ಒಂದಕ್ಕೊಂದು ಆತುಕೊಂಡಿದ್ದವು.

"ಎಷ್ಟರ ತನಕ ಓದಿದೀರಿ?"

"ಎಂಟು... ಅರ್ಧ."

ಅವನು ಆ ಪುಟವನ್ನು ಅಳಿಸಲಿಲ್ಲ. ಹಾಗೇ ಉಳಿಸಿಕೊಂಡು ಲ್ಯಾಪ್‌ಟಾಪು ಮುಚ್ಚಿದ.

ಆಮೇಲೆ ಅವನು ಶನಿವಾರ ಮಧ್ಯಾಹ್ನ ಬರತೊಡಗಿದ. ಒಂದು ವಾರ ಪೆನ್ನಿನ ಮೊನೆ ಸವೆದಿರುತ್ತಿತ್ತು. ಇನ್ನೊಂದು ವಾರ ಗೋಡೆಯ ಮೇಲೆ ಚಿತ್ರ ಸೊಟ್ಟ ಬೀಳುತ್ತಿತ್ತು. ಕೆಲವು ವಾರ ಏನೂ ಆಗಿರುತ್ತಿರಲಿಲ್ಲ.

"ಸರ್, ಆ ಪೆನ್ನು ಶನಿವಾರ ನೋಡ್ಕಂಡೇ ಕೆಡ್ತದಲ್ಲ?" ಎನ್ನುತ್ತಿದ್ದ ಮುರುಗಪ್ಪ. ಹೇಳಿ, ಟೀ ಕುಡಿಯಲು ಎದ್ದು ಹೋಗುತ್ತಿದ್ದ. ಅವನು ಕೆಟ್ಟ ಮನುಷ್ಯನಲ್ಲ.

ಅವಳ ಎಂಟನೇ ಕ್ಲಾಸಿನ ಉಳಿದ ಅರ್ಧ ಆ ಬೂದು ಪರದೆಯ ಮೇಲೆ ಮುಂದುವರಿಯಿತು. ತಂದೆ ತೀರಿಕೊಂಡ ವರ್ಷ, ತುರುವನೂರಿನ ಶಾಲೆಯಲ್ಲಿ ತ್ರಿಭುಜದ ಪಾಠದ ನಡುವೆ ಎದ್ದು ಬಂದವಳು ಅವಳು. ಮತ್ತೆ ಹೋಗಿರಲಿಲ್ಲ.

"ಮೂರು ಕೋನ ಕೂಡಿದ್ರೆ ಎಷ್ಟು?"

"ನೂರಾ ಎಂಬತ್ತು."

"ಯಾವ ತ್ರಿಭುಜ ಆದ್ರೂ?"

"ಎಷ್ಟು ಸೊಟ್ಟ ಇದ್ರೂ."

"ಹಂಗಾದ್ರೆ ನನ್ನ ಹೆಗಲಿಗೂ ಲೆಕ್ಕ ಸರಿಹೋಗ್ತದೆ ಬಿಡ್ರಿ."

ಅವಳು ನಕ್ಕಳು. ನಕ್ಕು, ಹೆದರಿದಳು. 'ಅವರು ಮೇಷ್ಟ್ರು. ನಾನು ಎಂಟು, ಅರ್ಧ...'

ಮಕ್ಕಳ ವಿಷಯ ಬಂದರೆ ಅವನ ಮಾತು ನಿಲ್ಲುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ರಮ್ಯಾ ಲ್ಯಾಪ್‌ಟಾಪಿಗೆ ತನ್ನ ದುಪ್ಪಟ್ಟ ಹೊದಿಸುತ್ತಾಳಂತೆ, ಧೂಳು ಬೀಳಬಾರದೆಂದು. "ಅದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕಳ್ತಾರೆ ಅನುಸೂಯ. ಈ ಕೈ ಹೋದ ಮೇಲೆ ನನಗೆ ಉಳಿದಿರೋದು ಅವರೇ."

ದಸರಾ ರಜೆ ಬಂತು, ಹೋಯಿತು.

ರಜೆ ಮುಗಿದ ಮೊದಲ ದಿನವೇ ಅವನು ಬಂದ. ಶನಿವಾರವಲ್ಲ. ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ನಿಂತ.

"ಹತ್ತುತಾ ಇಲ್ಲ. ರಜೇಲಿ ಶಾಲೆ ಬೀರುವಿನಲ್ಲೇ ಇತ್ತು. ನಾಲ್ಕು ದಿನಕ್ಕೆ ತಪಾಸಣೆ."

ಮುರುಗಪ್ಪ ಊಟಕ್ಕೆ ಹೋಗಿದ್ದ. ಅನುಸೂಯ ಮೂಲೆಯ ಮೇಜಿನಲ್ಲಿ ಕುಳಿತು ಸ್ಕ್ರೂ ಬಿಚ್ಚಿದಳು. ಕೀಬೋರ್ಡು ಮೇಲೆತ್ತಿದಳು.

ಒಳಗೆ ಕೆಂಪಗಿತ್ತು.

ಕುಂಕುಮ. ಕೆಸರಿನಂತೆ ಒಣಗಿದ ವಿಭೂತಿ. ಒಂದು ಚೆಂಡುಹೂವಿನ ಎಸಳು ಸರ್ಕ್ಯೂಟಿಗೆ ಅಂಟಿಕೊಂಡಿತ್ತು. ಸುತ್ತ ಹಸಿರು ಕಿಲುಬು.

ಅವಳಿಗೆ ಎಲ್ಲವೂ ಕಣ್ಣ ಮುಂದೆ ಬಂತು. ರಜೆಯ ಹಿಂದಿನ ದಿನ ಶಾಲೆಯಲ್ಲಿ ಆಯುಧಪೂಜೆ. ಇವನು ಅಂದು ತರಬೇತಿಗೆಂದು ಚಿತ್ರದುರ್ಗದಲ್ಲಿದ್ದ. ಗಂಟೆಗೆ, ಭೂಗೋಳಕ್ಕೆ, ಗಣಿತದ ಪೆಟ್ಟಿಗೆಗೆ ಪೂಜೆ ಮಾಡುವ ಮಕ್ಕಳು ಮೇಷ್ಟ್ರ ಯಂತ್ರವನ್ನು ಬಿಟ್ಟಾರೆಯೇ? ವಿಭೂತಿ ಹಚ್ಚಿ, ಹೂವಿಟ್ಟು, ತೀರ್ಥ ಚಿಮುಕಿಸಿ, ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಒದ್ದೆಯೊಳಗೇ ಎರಡು ವಾರ...

ಈ ಅಂಗಡಿಯಲ್ಲಿ ಪ್ರತಿ ವರ್ಷ ಕುಂಕುಮ ಇಡುವವಳು ಅವಳೇ. ಮೇಜಿಗೆ ಇಡುತ್ತಾಳೆ, ಯಂತ್ರಕ್ಕೆ ಮುಟ್ಟಿಸುವುದಿಲ್ಲ. 'ಬಲಕ್ಕೆ ತಿರುಗಿಸ್ರಿ ಅಂದೆ. ಇದನ್ನ ಹೇಳಲಿಲ್ಲವಲ್ಲ...'

"ಏನಾಗೈತೆ?" ಅವನು ಹತ್ತಿರ ಬಂದ.

ಅವಳು ಅಂಗೈಯಿಂದ ಆ ಕೆಂಪನ್ನು ಮುಚ್ಚಿದಳು.

'ಹೇಳಿದರೆ ಇವರು ಕ್ಲಾಸಿಗೆ ಹೋಗಿ ಕೇಳುತ್ತಾರೆ, ಯಾರು ಮಾಡಿದ್ದೆಂದು. ಆ ಹುಡುಗಿಯರು ತಲೆ ತಗ್ಗಿಸುತ್ತಾರೆ. ಉಳಿದಿರುವುದು ಅವರೇ ಅಂದಿದ್ದರು...'

"ಹೇಳ್ರಿ. ಮೊದ್ಲೇ ಕೆಟ್ಟಿತ್ತಾ?"

"ಹೂಂ." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಹಳೇದು. ನಂಗೆ ಗೊತ್ತಿತ್ತು."

ಅವನು ಮೇಜಿನಿಂದ ಹಿಂದೆ ಸರಿದ.

"ಭಾರ ಅಂದ್ರಿ. ಬ್ಯಾಟ್ರಿ ಅಂದ್ರಿ. ಎಲ್ಲಾ ಹೇಳಿ ಇದೊಂದನ್ನ ಮುಚ್ಚಿಟ್ರಿ." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. "ನಾನು ನಂಬಿದ್ದು ಯಂತ್ರಾನ ಅಲ್ಲ, ಅನುಸೂಯ."

ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದ. ಬದಲಿಗೆ ಕೊಡಲು ಪರದೆ ತಿರುಗುವ ಇನ್ನೊಂದು ಇರಲಿಲ್ಲ. ಹೊಳೆಯುವುದು ಆಗಲೇ ಹಿರಿಯೂರಿನ ಯಾರಿಗೋ ಹೋಗಿತ್ತು.

ತಪಾಸಣೆಯ ದಿನ ಚೇತನ್‌ಕುಮಾರ್ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತ. ಸಾಲುಗಳು ಕೆಳಕ್ಕೆ ಜಾರಿದವು. ಮಕ್ಕಳು ಕಷ್ಟಪಟ್ಟು ಕುತ್ತಿಗೆ ವಾಲಿಸಿ ಓದಿದರು, ಒಬ್ಬರೂ ನಗಲಿಲ್ಲ. ಬಂದವರು ಮರ್ಯಾದೆಯಿಂದಲೇ ಮಾತನಾಡಿ ಹೋದರು. ಆಮೇಲೆ ಆದೇಶ ಬಂತು. ಹೊಸದುರ್ಗದಲ್ಲಿ, ಕಚೇರಿ ಕೆಲಸ.

ಸುದ್ದಿ ಮುರುಗಪ್ಪನಿಂದ ಅವಳಿಗೆ ಗೊತ್ತಾಯಿತು. ಅಂದು ಅವಳು ಬುತ್ತಿ ಬಿಚ್ಚಲಿಲ್ಲ.

ಪ್ರತಿ ಮಧ್ಯಾಹ್ನ ಹಲ್ಲುಜ್ಜುವ ಬ್ರಷ್ಷಿನಿಂದ ಆ ಕಿಲುಬನ್ನು ಒಂದೊಂದೇ ಕೂದಲೆಳೆಯಷ್ಟು ತೆಗೆದಳು. ಮುರುಗಪ್ಪ ಬಗ್ಗಿ ನೋಡಿದ. "ಲೇ, ಇದು ಪೂಜೆ ನೀರು. ನಿನ್ನ ತಪ್ಪೆಲ್ಲೈತೆ? ಹೇಳಕೇನಾಗಿತ್ತು ಧಾಡಿ?"

"ಹೇಳ್ಬ್ಯಾಡ್ರಿ ಅಣ್ಣ."

ಅವನು ಗೊಣಗುತ್ತಲೇ, ಅದೇ ಮಾದರಿಯ ಕೆಟ್ಟುಹೋದ ಒಂದನ್ನು ಹುಡುಕಿ ತಂದುಕೊಟ್ಟ. ಅದರ ಕೀಬೋರ್ಡು ಇದಕ್ಕೆ ಕೂಡಿತು.

ಇಪ್ಪತ್ತಮೂರನೇ ದಿನ ಪರದೆ ಬೆಳಗಿತು.

ಒಂದು ಪುಟ ತೆರೆದುಕೊಂಡಿತು. ಮೇಲೆ, ಒಂದಕ್ಕೊಂದು ಆತುಕೊಂಡ ಅಕ್ಷರಗಳಲ್ಲಿ ಅವಳ ಹೆಸರು. ಕೆಳಗೆ ಅವನ ಕೈಬರಹ, ರಜೆಗೆ ಮುಂಚಿನ ತಾರೀಖು.

'ಪ್ರತಿ ಪಾಠಕ್ಕೆ ಮೊದಲು ಪರದೆ ಖಾಲಿ ಮಾಡುತ್ತೇನೆ. ಈ ಹೆಸರನ್ನು ಅಳಿಸಲು ಮಾತ್ರ ಕೈ ಬರುವುದಿಲ್ಲ. ಹೇಳಬೇಕು. ತಪಾಸಣೆ ಮುಗಿಯಲಿ.'

ಅನುಸೂಯ ಪಂಚೆಯ ತುಂಡಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಭಾನುವಾರ ಅವನು ಶಾಲೆಯಿಂದ ತನ್ನ ಸಾಮಾನು ತೆಗೆದುಕೊಂಡು ಹೋಗುತ್ತಾನೆಂದು ಮುರುಗಪ್ಪ ವಿಚಾರಿಸಿ ತಿಳಿಸಿದ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ, ಅವಳು ರಾಮಗಿರಿಗೆ ಹೋದಳು. ಅಷ್ಟು ದೂರ ಒಬ್ಬಳೇ ಹೋಗಿದ್ದು ಅದೇ ಮೊದಲು.

ಒಂಬತ್ತನೇ ಕ್ಲಾಸಿನ ಬಾಗಿಲು ತೆರೆದಿತ್ತು. ಅವನು ಗೋಡೆಯಿಂದ ಚಾರ್ಟು ಬಿಚ್ಚುತ್ತಿದ್ದ, ಎಡಗೈಯಲ್ಲಿ. ಅವಳನ್ನು ಕಂಡಾಗ ಚಾರ್ಟು ಅವನ ಕೈಯಿಂದ ಜಾರಿತು.

"ನಾನೇ ಬರ್ಬೇಕಿತ್ತು," ಎಂದ. "ಮೊನ್ನೆ ಶುಕ್ರವಾರ ಗೊತ್ತಾಯ್ತು. ರಮ್ಯಾ, ಅವಳ ಜೊತೆಯವರು ಅಳ್ತಾ ಬಂದು ಹೇಳಿದ್ರು. ಒಣ ವಿಭೂತಿ ನಿಲ್ಲಲಿಲ್ಲ ಅಂತ ನೀರಲ್ಲಿ ಕಲಸಿ ಹಚ್ಚಿದ್ರಂತೆ." ಅವನು ಬಿದ್ದ ಚಾರ್ಟನ್ನು ಎತ್ತಿಕೊಂಡ. "ಯಾಕೆ ಗೊತ್ತಾ? ನನ್ನ ಕೈ ವಾಸಿ ಆಗ್ಲಿ ಅಂತ ಹರಸಿಕೊಂಡಿದ್ರಂತೆ."

"ಬೈದ್ರಾ?"

"ಇಲ್ಲ."

"ಹಂಗಾದ್ರೆ ಸಾಕು."

"ನನ್ನ ಮಾತೆಲ್ಲ ಕೇಳಿಸ್ಕಂಡು ನಿಂತಿದ್ರಲ್ಲ ಅವತ್ತು... ಒಂದು ಮಾತು ಹೇಳಬಾರ್ದಿತ್ತಾ?"

"ಅವರನ್ನ ಬಿಟ್ರೆ ನಿಮಗೆ ಇನ್ನೇನಿತ್ತು ಸರ್?"

ಅವನು ಅವಳನ್ನೇ ನೋಡಿದ. "ನೀವಿದ್ರಿ."

ಹೊರಗೆ ಸ್ಟೇಷನ್ನಿನ ಕಡೆಯಿಂದ ಗಾಡಿಯೊಂದು ಕೂಗಿ ಹೋಯಿತು.

"ಓದಿದೆ," ಎಂದಳು ಅವಳು, ಲ್ಯಾಪ್‌ಟಾಪನ್ನು ಮೇಜಿನ ಮೇಲಿಡುತ್ತ. "ನನ್ನ ಹೆಸರಿನ ಕೆಳಗಿಂದು."

"ಎಂಟನೇ ಕ್ಲಾಸು, ಅರ್ಧ, ಸಾಕಾಯ್ತಾ ಓದಕೆ?"

"ಸಾಕಾಯ್ತು."

"ತುರುವನೂರಿಗೆ ಬಂದು ನಿಮ್ಮವ್ವನ್ನ ಕೇಳ್ಲಾ?"

ಅವಳು ತಲೆ ಎತ್ತಲಿಲ್ಲ. "ಕೇಳ್ರಿ," ಎಂದಳು.

ಅವನ ಮುಖದಲ್ಲಿ ನಗು ಬಂತು, ಅಲ್ಲೇ ನಿಂತಿತು. ಖಾಲಿ ಗೋಡೆಯ ಮೇಲೆ ಚಾರ್ಟು ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು.

"ಆದೇಶ ವಾಪಸ್ಸು ಪಡೀರಿ, ಇನ್ನೊಂದ್ಸಲ ಪಾಠ ನೋಡ್ರಿ ಅಂತ ಹೋಗಿ ಕೇಳ್ದೆ. ಆಗಲ್ಲ ಅಂದ್ರು. ಈ ಜಾಗಕ್ಕೆ ಬೇರೆಯವರು ಬಂದಾಗೈತೆ. ನಾಳೆ ಬೆಳಗ್ಗೆ ನಾನು ಹೊಸದುರ್ಗದಲ್ಲಿ ಕುಂತಿರ್ತೀನಿ."

ಇಪ್ಪತ್ತಮೂರು ದಿನದಲ್ಲಿ ಆ ಯಂತ್ರದ ಕಿಲುಬು ಬಿಟ್ಟಿತ್ತು. ಕಳೆದುಹೋದ ತಪಾಸಣೆಯ ಆ ಒಂದು ದಿನವನ್ನು ಯಾವ ಬ್ರಷ್ಷಿನಿಂದಲೂ ತಿಕ್ಕಿ ತರಲಾಗುವುದಿಲ್ಲ.

"ನೀವು ಪಾಠ ಮಾಡಾದನ್ನ ನಾನು ಒಂದ್ಸಲಾನೂ ನೋಡಿಲ್ಲ," ಎಂದಳು. "ಬ್ಯಾಟ್ರಿ ಇನ್ನೂ ಇಪ್ಪತ್ತು ನಿಮಿಷ ಬರ್ತೈತೆ."

ಹೇಳಿ, ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತಳು.

ಅವನು ಪರದೆಯನ್ನು ನಿಧಾನಕ್ಕೆ ತಿರುಗಿಸಿದ. ಬಲಕ್ಕೆ. ಮಲಗಿಸಿದ. ಪೆನ್ನು ಎಳೆದು, ಅಂಗೈ ಊರಿದ. ಕರೆಂಟಿರಲಿಲ್ಲ, ಗೋಡೆಯ ಮೇಲೆ ಏನೂ ಮೂಡಲಿಲ್ಲ. ಅವನ ಮುಖದ ಮೇಲೆ ಮಾತ್ರ ಪರದೆಯ ಬೆಳಕಿತ್ತು.

ಮುಂದಿನ ಬೆಂಚಿನ ಮೇಲೆ ಯಾರೋ ಮರೆತುಹೋದ ಜಡೆಯ ರಿಬ್ಬನ್ನೊಂದು ಬಿದ್ದಿತ್ತು. ಅವನ ಕಣ್ಣು ಅಲ್ಲಿಂದ ಹೊರಟು, ಒಂದೊಂದೇ ಬೆಂಚನ್ನು ದಾಟಿ, ಅವಳವರೆಗೆ ಬಂದು ನಿಂತಿತು. ಅವಳ ಮುಂದೆ ಡೆಸ್ಕಿನ ಬರಿಯ ಹಲಗೆ ಇತ್ತು.

ಅವನು ಗಂಟಲು ಸರಿಮಾಡಿಕೊಂಡ.

"ಎಲ್ರೂ ಪುಸ್ತಕ ತೆಗೀರಿ."