ಬಣ್ಣ ಕಳೆದ ನೀರು

2003ರ ಮಾರ್ಚ್ 12, ಬುಧವಾರ. ಬೆಳಿಗ್ಗೆ 10-20ಕ್ಕೆ ರಾಮದುರ್ಗ ಠಾಣೆಗೆ ಬಂದ ಹೆಣ್ಣುಮಗಳ ಸೀರೆಯ ಅಂಚಿಗೆ ಗಾಜಿನ ಪುಡಿ ಅಂಟಿತ್ತು. ಹೆಸರು ರಂಜನಾ, ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ. ಸುರೇಬಾನದಲ್ಲಿ ನೂಲಿಗೆ ಬಣ್ಣ ಹಾಕುವವರ ಓಣಿಯ ಹಿಂದೆ ಮೂರು ವರ್ಷದಿಂದ ನಡೆಸಿದ್ದ ಪ್ರಯೋಗದ ಎಂಟು ಗಾಜಿನ ತೊಟ್ಟಿಗಳನ್ನು ಯಾರೋ ನಸುಕಿನಲ್ಲಿ ಒಡೆದುಹಾಕಿದ್ದರು.

ದೂರು ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್ ಜಟ್ಟೆಪ್ಪ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಮ್ಮೆ, ಎಂಜಿನ್, ಹೆಂಡತಿ ಎಲ್ಲ ಕಳೆದುಹೋದ ದೂರು ಬರೆದಿದ್ದ. ಇಂಥದು ಇದೇ ಮೊದಲು.

“ಅದರಾಗ ಏನ್ ಮಾಡತಿದ್ರಿ ಮೇಡಂ?”

“ತೊಟ್ಟಿ ಒಳಗ ಒಂದ ಬಿಳೇ ಪುಡಿ ಬಳದಿರ್ತೇನಿ. ಬಿಸಲ ಬಿತ್ತಂದ್ರ ಅದು ನೀರಿನಾಗಿನ ಬಣ್ಣ ಮುರೀತದ. ಇವರ ಗಟಾರದ ಕೆಂಪ ನೀರು ಸಂಜೀಕ ತಿಳಿ ಆಗ್ತದ. ಅದ ಪುಡಿಗೆ ಬಣ್ಣ ಕುಡಿಸಿ ಸೋಲಾರ್ ಬಿಲ್ಲೆ ಮಾಡೇನಿ, ಅವು ಕರೆಂಟ್ ಕೊಡ್ತಾವ.”

ಕಲಂ 447, 427ರಡಿ ಎಫ್‌ಐಆರ್ ದಾಖಲಾಯಿತು. ಪಿಎಸ್‌ಐ ಯಮನಪ್ಪ ಜೀಪು ಹತ್ತಿದ.

“ಹಿಂದ ಕುಂಡರ್ರಿ ಜಟ್ಟೆಪ್ಪ. ನೀವು ಮುಂದ ಕುಂತ್ರ ಗೇರ್ ಹಾಕಾಕ ಜಾಗಾ ಉಳಿಯಂಗಿಲ್ಲ.”

11-50ಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಎಂಟೂ ತೊಟ್ಟಿ ಚೂರುಚೂರು. ಆದರೆ ಅಂಗೈಯಗಲದ ಹನ್ನೆರಡು ಸೋಲಾರ್ ಬಿಲ್ಲೆಗಳನ್ನು ನೂಲಿನಲ್ಲಿ ಸುತ್ತಿ ಗೋಡೆಯ ಮೇಲೆ ಇಟ್ಟಿದ್ದರು. ತಂತಿಯನ್ನು ಕಿತ್ತಿರಲಿಲ್ಲ, ಬಿಚ್ಚಿದ್ದರು.

“ಅದನ್ನ ಒಡದಾಂವ ಇದನ್ಯಾಕ ಕಾಯ್ದಿಟ್ಟ?”

“ಗೊತ್ತಿದ್ದಾಂವನ ಒಡದಾನ್ರಿ ಸಾಹೇಬ್ರ. ಸಿಟ್ಟು ತೊಟ್ಟಿ ಮ್ಯಾಲ ಅಷ್ಟ.”

ಮರದ ಚೌಕಟ್ಟಿನ ಮೇಲೆ ಕೋಲಿನ ಪೆಟ್ಟಿತ್ತು, ಪೆಟ್ಟಿನಲ್ಲಿ ಕೆಂಪು ಬಣ್ಣದ ಕಲೆ. ಕುದಿಯುವ ಬಣ್ಣದಲ್ಲಿ ನೂಲು ತಿರುವುವ ಕೋಲು ಅದು. ಓಣಿಯಲ್ಲಿ ಬಣ್ಣ ಹಾಕುವ ಮನೆ ನಾಲ್ಕು. ಮೂರು ಮನೆಗಳಲ್ಲಿ ಕೋಲುಗಳು ಹಂಡೆಯಲ್ಲೇ ಇದ್ದವು. ಬುರಾನಸಾಬನ ಮನೆಯಲ್ಲಿ ಒಲೆ ಆರಿತ್ತು, ಹಂಡೆ ಒಣಗಿತ್ತು. ಬಾಗಿಲ ಹಿಂದೆ ಒರಗಿದ್ದ ಕೋಲಿನ ತುದಿಯನ್ನು ಜಟ್ಟೆಪ್ಪ ಬಿಸಿಲಿಗೆ ಹಿಡಿದ. ಕಟ್ಟಿಗೆಯ ಸೀಳಿನಲ್ಲಿ ಗಾಜಿನ ಹರಳು ಹೊಳೆದವು.

ಮುದುಕನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೂರಿಸಿದರು.

“ಚಾಚಾ, ಒಲಿ ಯಾಕ ಆರೇತಿ?” ಎಂದು ಕೇಳಿದ ಜಟ್ಟೆಪ್ಪ.

“ಒಂಬತ್ತ ದಿನ ಆತ್ರಿ, ಮೊಮ್ಮಗ ತೀರಕೊಂಡು. ಶಹಬಾಜ. ಎಂಟ ತಿಂಗಳದಾಂವ.”

“ಏನಾಗಿತ್ತು?”

“ತುಟಿ ನೀಲಿ ಆತು. ಉಗುರ ನೀಲಿ ಆತು. ದವಾಖಾನಿ ಮುಟ್ಟಲಿಲ್ಲ.”

“ತೊಟ್ಟಿ ನೀವ ಒಡದ್ರಿ?”

“ಹೌದ್ರಿ.”

“ಬಿಲ್ಲೆ?”

“ಅವಕ್ಕ ದಾಳಿಂಬ್ರಿ ಸಿಪ್ಪಿ ಬಣ್ಣ ಕಾಸಿ ಕೊಟ್ಟಾಂವ ನಾನ. ಅವು ಯಾರಿಗೂ ಏನೂ ಮಾಡಿಲ್ಲರಿ.”

ಜಟ್ಟೆಪ್ಪ ಹೊಸ ಹಾಳೆ ತೆಗೆದು, “ಮತ್ತ ತೊಟ್ಟಿ ಏನ್ ಮಾಡಿದ್ವು?” ಎಂದ.

“ನಾಕ ದಿನ ನಳ ಬಂದಿರಲಿಲ್ಲ. ತೊಟ್ಟಿ ನೀರು ಕನ್ನಡಿ ಆಗಿತ್ತು. ನಲವತ್ತ ವರ್ಷ ನೂಲು ಜಾಲಿಸೇನ್ರಿ, ನೀರು ತಿಳಿ ಬಂತಂದ್ರ ಬಣ್ಣ ಹೋತು ಅಂತ ಲೆಕ್ಕ. ನಮಗ ಕಣ್ಣ ಪರೀಕ್ಷಾ. ಒಂದ ಕೊಡ ತಂದು, ಹಾಲಿನ ಪುಡಿ ಕಲಸು ಅಂತ ಸೊಸಿಗೆ ಕೊಟ್ಟೆ.”

“ಮನ್ಯಾಗ ಗೊತ್ತೈತಿ?”

“ನಳದ್ದು ಅಂದಿದ್ದೆ.” ಅವನು ಜಟ್ಟೆಪ್ಪನ ಮೊಣಕಾಲು ಹಿಡಿದ. “ಕುಡದ ಅಮಲಿನಾಗ ಒಡದೆ ಅಂತ ಬರಕೋರಿ. ಜೇಲು ಎಷ್ಟರ ಆಗ್ಲಿ. ನೀರಿಂದು ಬರೀಬ್ಯಾಡ್ರಿ.”

ಪೆನ್ನು ನಿಂತಿತು. ಬಡವರ ಮಾನ ಉಳಿಸಲು ಜಟ್ಟೆಪ್ಪ ಹಿಂದೆ ಇದಕ್ಕಿಂತ ದೊಡ್ಡ ಸುಳ್ಳು ಬರೆದಿದ್ದ.

“ಆ ನೀರು ಬ್ಯಾರೆ ಯಾರರ ಒಯ್ದಾರೇನು?”

“ನಿನ್ನಿ ಸಂಜೀಕ ಮೂಲಿ ಮನಿ ಬಾಯವ್ವ ಕೊಡ ಹಿಡಕೊಂಡು ಬಂದಿದ್ಳು. ಬ್ಯಾಡ ಅಂದೆ. ಯಾಕ ಅಂದ್ಳು. ಏನ್ ಹೇಳ್ಲಿ? ಅದಕ್ಕ ಒಡದೆ.”

“ಮೇಡಂ ಹೊಸಾವು ತಂದ ಇಡ್ತಾರಲ್ಲ, ಚಾಚಾ. ಆಗ ಬಾಯವ್ವಗ ಯಾರ ಹೇಳಾವ್ರು?”

ಮುದುಕನ ಕೈ ಮೊಣಕಾಲಿನಿಂದ ಜಾರಿತು. ಜಟ್ಟೆಪ್ಪ ಇದ್ದದ್ದನ್ನು ಇದ್ದಂತೆ ಬರೆದ.

ವಿಷಯ ಕೇಳಿದ ರಂಜನಾ ಮುರಿದ ಚೌಕಟ್ಟಿನ ಮೇಲೆ ಕುಳಿತರು. “ನೀಲಿ ಅಂದ್ರಾ?” ಎಂದು ಮೂರು ಸಲ ಕೇಳಿದರು. “ಬಣ್ಣ ಮುರದ್ರೂ ಅದರ ಚೂರು ನೀರಾಗ ಉಳದಿರ್ತಾವ, ಕಣ್ಣಿಗೆ ಕಾಣಂಗಿಲ್ಲ. ಕೂಸಿನ ರಕ್ತಕ್ಕ ಸೇರಿದ್ರ ತುಟಿ ನೀಲಿ ಮಾಡ್ತಾವ. ಆ ಪರೀಕ್ಷಾ ಮುಂದಿನ ತಿಂಗಳ ಇತ್ತು. ಕುಡೀಬ್ಯಾಡ್ರಿ ಅಂತ ಬೋರ್ಡ್ ಹಾಕಿಸಿದ್ದೆ.”

“ಅಂವಗ ಓದಾಕ ಬರಂಗಿಲ್ಲರಿ,” ಎಂದ ಯಮನಪ್ಪ.

“ಒಂದ ಬಾಟಲಿ ನೀರರ ಸಿಕ್ಕಿದ್ರ ಅದರಿಂದನ ಹೌದೋ ಅಲ್ಲೋ ತಿಳೀತಿತ್ತು.”

“ಎಲ್ಲಾ ನೆಲ ಕುಡದೈತ್ರಿ,” ಎಂದ ಜಟ್ಟೆಪ್ಪ.

ಕೂಸನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಶವಪರೀಕ್ಷೆ ಆಗಿರಲಿಲ್ಲ. ಇನ್ನು ಯಾರಿಗೂ ಖಾತ್ರಿಯಾಗಿ ತಿಳಿಯುವಂತಿರಲಿಲ್ಲ.

ದಸ್ತಗಿರಿ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕು. ಮುದುಕನ ಹೆಂಡತಿ ಖೈರುನಬಿ ಸೊಸೆಯನ್ನು ಮುಂದೆ ದೂಡಿದಳು. ತಸ್ಲೀಮ್ ಏಳನೆಯ ಇಯತ್ತೆ ಓದಿದವಳು, ಆ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಜಟ್ಟೆಪ್ಪ ದಸ್ತಗಿರಿಯ ಕಾರಣ ಬರೆದ ಸಾಲುಗಳ ಮೇಲೆ ಅಂಗೈ ಇಟ್ಟು, “ಇಲ್ಲೆ ಕೆಳಗ ಸಹಿ ಮಾಡವಾ,” ಎಂದ.

ಅವಳು ಅವನ ಕೈಯನ್ನು ಮೆಲ್ಲಗೆ ಸರಿಸಿ ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು.

“ನಳದ್ದು ಅಂದಿದ್ರಿ, ಮಾಮಾ.”

ಅವಳ ಮಾವ ಬುರಾನಸಾಬ ತಾನಾಗಿ ಜೀಪಿನತ್ತ ನಡೆದ.

“ಇನ್ನ ಅರ್ಧಾ ಬಾಟಲಿ ಹಾಲ ಇದ್ದಾಗ ಶಹಬಾಜ ಬಾಯಿ ತಿರವಿದ್ದ,” ಎಂದಳು ತಸ್ಲೀಮ್, ಯಾರಿಗೂ ಅಲ್ಲದಂತೆ. “ನಾನ ಗದ್ದ ಹಿಡದು ಕುಡಿಸಿದೆ.”

ಸಹಿ ಮಾಡಿದಳು. ಜಟ್ಟೆಪ್ಪ ಪಕ್ಕದಲ್ಲಿ ಸಮಯ ಬರೆದ: ಸಂಜೆ 4-50.